ಉಪ್ಪುನೀರಿನಲ್ಲಿ ಅದ್ದಿದ ಹೈಡ್ರಿಲ್ಲಾ: ಎರಡು ಬಾರಿ ಕಲಿಸಿದ ಒಂದು ಪಾಠ

ತರಗತಿ: 9
ವಿಷಯ: ವಿಜ್ಞಾನ (ಜೀವಶಾಸ್ತ್ರ)
ಘಟಕ: ಜೀವದ ಮೂಲ ಘಟಕ
ಉಪಘಟಕ: ಅಭಿಸರಣೆ ಮತ್ತು ಅದರ ಬಳಕೆ
ಅವಧಿ: 40 ನಿಮಿಷಗಳ ಎರಡು ತರಗತಿಗಳು, ನಂತರ ಮೂರು ವಾರಗಳ ವೀಕ್ಷಣೆ

ಪೀಠಿಕೆ

ಅಭ್ಯಾಸ ಬೋಧನೆಯಲ್ಲಿ ನಾನು ಕೊಟ್ಟ ಪಾಠಗಳ ಪೈಕಿ ಒಂದನ್ನು ಅದೇ ಮಕ್ಕಳಿಗೆ ಎರಡನೆಯ ಸಲ ಕಲಿಸಬೇಕಾಯಿತು. ಮೊದಲ ಸಲ ಪಾಠ ಕೆಟ್ಟಿರಲಿಲ್ಲ. ಮಕ್ಕಳು ಉತ್ಸಾಹದಿಂದ ಭಾಗವಹಿಸಿದ್ದರು, ಚಟುವಟಿಕೆ ಸಮಯಕ್ಕೆ ಸರಿಯಾಗಿ ಮುಗಿದಿತ್ತು, ಕಪ್ಪುಹಲಗೆಯ ಸಾರಾಂಶವೂ ಅಚ್ಚುಕಟ್ಟಾಗಿತ್ತು. ಆದರೆ ಆ ಸಾರಾಂಶದ ಕೊನೆಯ ಸಾಲು ಸುಳ್ಳಾಗಿತ್ತು. ಅದು ಗೊತ್ತಾದದ್ದು ಹನ್ನೊಂದು ದಿನಗಳ ನಂತರ, ಅದೂ ಒಬ್ಬ ವಿದ್ಯಾರ್ಥಿನಿಯ ಬಾಯಿಂದ. ಆ ಸಾಲನ್ನು ತಿದ್ದಲು ನಾನು ಏನು ಮಾಡಿದೆ, ಅದರಿಂದ ಮಕ್ಕಳೂ ನಾನೂ ಏನು ಕಲಿತೆವು ಎಂಬುದನ್ನು ಇಲ್ಲಿ ಹಂಚಿಕೊಂಡಿದ್ದೇನೆ.

ಮೊದಲ ಪಾಠ

ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆಂದು ಅಕ್ವೇರಿಯಂ ಅಂಗಡಿಯಿಂದ ಎರಡು ಕಟ್ಟು ಹೈಡ್ರಿಲ್ಲಾ ತಂದಿದ್ದೆ. ಬಿಡಿಸಿ ನೋಡಿದಾಗ ಎಲೆಗಳ ಮೇಲೆ ಕಡಲೆಬೇಳೆಗಿಂತ ಚಿಕ್ಕ ಬಸವನಹುಳುಗಳಿದ್ದವು. ವಿಜ್ಞಾನ ಕೊಠಡಿಯಲ್ಲಿ ಮಕ್ಕಳೇ ಸೇರಿ ಮಾಡಿಕೊಂಡಿದ್ದ ಒಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿ ಗಪ್ಪಿ ಮೀನುಗಳಿದ್ದವು. ಪ್ರಯೋಗ ಮುಗಿದ ಮೇಲೆ ಗಿಡವನ್ನು ಆ ತೊಟ್ಟಿಗೆ ಹಾಕುವುದೆಂದು ಮೊದಲೇ ಮಾತಾಗಿತ್ತು. ಹುಳುಗಳ ಸಮೇತ ಹಾಕುವಂತಿರಲಿಲ್ಲ. ಅದೇ ವಾರ ಅಭಿಸರಣೆಯ ಪಾಠವಿದ್ದುದರಿಂದ ಎರಡನ್ನೂ ಜೋಡಿಸಿದರೆ ಚೆನ್ನಾಗಿರುತ್ತದೆ ಎನ್ನಿಸಿತು.

ಪಾಠದ ತಿರುಳು ಇಷ್ಟೇ. ಬಸವನಹುಳು ಮೃದ್ವಂಗಿ, ಅದರ ಮೈ ಒದ್ದೆ, ಮೆತ್ತಗೆ. ಮೈಯೊಳಗಿರುವುದಕ್ಕಿಂತ ಹೆಚ್ಚು ಲವಣವಿರುವ ನೀರಿನಲ್ಲಿ ಅದ್ದಿದರೆ ಒಳಗಿನ ನೀರು ಹೊರಗೆ ಹರಿಯುತ್ತದೆ. ಹುಳು ಚಿಪ್ಪಿನೊಳಗೆ ಮುದುಡಿಕೊಂಡು ಎಲೆಯಿಂದ ಉದುರುತ್ತದೆ. ಪ್ರತಿ ಗುಂಪಿಗೆ ಒಂದು ಬೋಗುಣಿ ಉಪ್ಪುನೀರು, ಒಂದು ಹಿಡಿ ಗಿಡ ಕೊಟ್ಟೆ. ಉಪ್ಪನ್ನು ತೂಗಿರಲಿಲ್ಲ. ಎಷ್ಟು ಹೊತ್ತು ಎಂದು ಒಬ್ಬ ಹುಡುಗ ಕೇಳಿದಾಗ “ಉದುರುವ ತನಕ ಇಡಿ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ” ಎಂದೆ.

ಹುಳುಗಳು ಉದುರಿದವು. ಮಕ್ಕಳು ಚಪ್ಪಾಳೆ ತಟ್ಟಿದರು. ಹಲಗೆಯ ಮೇಲೆ ನಾನು ಬರೆದ ಕೊನೆಯ ಸಾಲು: “ಅಭಿಸರಣೆಯಿಂದ ಬಸವನಹುಳುಗಳು ಸಂಪೂರ್ಣವಾಗಿ ನಾಶವಾದವು.”

ಆ ಪ್ರಶ್ನೆ ಕೇಳಿದ ಹುಡುಗನ ಗುಂಪಿನ ಗಿಡ ಮಾತ್ರ ಉಪ್ಪುನೀರಿನಲ್ಲೇ ಬಹಳ ಹೊತ್ತು ಉಳಿದಿತ್ತು. ಎತ್ತಿದಾಗ ಎಲೆಗಳು ಜೋತುಬಿದ್ದಿದ್ದವು. ಹಿಂದಿನ ಬೆಂಚಿನಲ್ಲಿ ನಮ್ಮ ಬೋಧನಾ ವಿಧಾನದ ಮೇಡಂ ಕುಳಿತಿದ್ದರು. ನಾನು ಆ ಗಿಡವನ್ನು ಮೆಲ್ಲಗೆ ಕಸದ ಬುಟ್ಟಿಗೆ ಹಾಕಿ ಮುಂದಿನ ಗುಂಪಿನ ಕಡೆ ಹೋದೆ. ಅವರು ಅದನ್ನು ನೋಡಿದ್ದರು. ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಮಾತುಗಳ ಕೆಳಗೆ ಒಂದು ಪ್ರಶ್ನೆಯಿತ್ತು: “ಬುಟ್ಟಿಗೆ ಹಾಕಿದ ಗಿಡ ಏನನ್ನು ಹೇಳುತ್ತಿತ್ತು?” ಆ ದಿನ ನನ್ನ ಬಳಿ ಉತ್ತರವಿರಲಿಲ್ಲ.

ಹನ್ನೊಂದನೆಯ ದಿನ

ಗಿಡಗಳನ್ನು ತೊಳೆದು ತೊಟ್ಟಿಗೆ ಹಾಕಿದ್ದೆವು. ಹನ್ನೊಂದನೆಯ ದಿನ ಬೆಳಗಿನ ಪ್ರಾರ್ಥನೆಗೆ ಮುಂಚೆ ಒಬ್ಬ ವಿದ್ಯಾರ್ಥಿನಿ ನನ್ನನ್ನು ತೊಟ್ಟಿಯ ಹತ್ತಿರ ಕರೆದೊಯ್ದಳು. ಗಾಜಿನ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಹರಿದಾಡುತ್ತಿದ್ದವು. “ಮಿಸ್, ಅವತ್ತು ಎಲ್ಲಾ ನಾಶ ಆಯ್ತು ಅಂತ ಬರೆಸಿದ್ರಲ್ಲ, ಇವು ಎಲ್ಲಿಂದ ಬಂದ್ವು?” ಎಂದಳು. ಅವಳ ಕೈಯಲ್ಲಿ ನೋಟ್ ಪುಸ್ತಕವಿತ್ತು, ಆ ಸಾಲು ತೆರೆದಿತ್ತು.

ನೀರಿನಲ್ಲಿ ಬಂದಿರಬಹುದು ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆ ಮಾತು ಬಾಯಿಗೆ ಬಂದೂ ಇತ್ತು. ಆದರೆ ಅವಳು ಮಾಡಿದ್ದು ನಾವು ಪಾಠಯೋಜನೆಯ ಕಲಿಕಾ ಫಲದಲ್ಲಿ ಬರೆಯುವ ಕೆಲಸವನ್ನೇ: ವೀಕ್ಷಿಸಿದ್ದಳು, ದಾಖಲೆಯೊಂದಿಗೆ ಹೋಲಿಸಿದ್ದಳು, ಪ್ರಶ್ನಿಸಿದ್ದಳು. ಅದಕ್ಕೆ ಸುಳ್ಳು ಉತ್ತರ ಕೊಟ್ಟರೆ ಉಳಿದ ಪಾಠಗಳಿಗೆ ಏನು ಬೆಲೆ? “ನಾನು ಬರೆಸಿದ್ದು ತಪ್ಪಿರಬೇಕು. ಎಲ್ಲಿ ತಪ್ಪಿದೆ ಅಂತ ಎಲ್ಲರೂ ಸೇರಿ ನೋಡೋಣ” ಎಂದೆ. ಶಾಲೆಯ ವಿಜ್ಞಾನ ಶಿಕ್ಷಕರು ತಮ್ಮ ಒಂದು ಅವಧಿಯನ್ನು ನನಗೆ ಬಿಟ್ಟುಕೊಟ್ಟರು.

ಭೂತಗನ್ನಡಿ ಹಿಡಿದು ಗಿಡದ ಎಲೆಗಳನ್ನು ತಿರುವಿದಾಗ ಉತ್ತರ ಸಿಕ್ಕಿತು. ಎಲೆಯ ಅಡಿಯಲ್ಲಿ, ಕಾಂಡದ ಗೆಣ್ಣುಗಳಲ್ಲಿ ಗೋಂದಿನ ಹನಿಯಂಥ ಪಾರದರ್ಶಕ ಲೋಳೆಯಿತ್ತು. ಒಳಗೆ ಸಾಲಾಗಿ ಮೊಟ್ಟೆಗಳು. ಸಿಹಿನೀರಿನ ಈ ಬಸವನಹುಳುಗಳು ಲೋಳೆಯ ಹೊದಿಕೆಯೊಳಗೆ ಮೊಟ್ಟೆಯಿಡುತ್ತವೆ. ಬೆಚ್ಚಗಿನ ನೀರಿನಲ್ಲಿ ಒಂದೆರಡು ವಾರಗಳಲ್ಲಿ ಮರಿಗಳು ಹೊರಬರುತ್ತವೆ. ಅವು ಉಭಯಲಿಂಗಿಗಳು, ಕೆಲವು ಜಾತಿಗಳಲ್ಲಿ ಒಂದೇ ಹುಳು ಇದ್ದರೂ ಸಂತತಿ ಬೆಳೆಯಬಲ್ಲದು. ನಾನು ಕಲಿಸಿದ ಅಭಿಸರಣೆ ಸರಿಯಾಗಿಯೇ ಇತ್ತು. ಜೀವನಚಕ್ರವನ್ನು ಮರೆತಿದ್ದೆ.

ಮರುಪಾಠದ ಯೋಜನೆ

ಉದ್ದೇಶ ಎರಡು. ಒಂದು, ಪೀಡೆಗೆ ತಾಗುವ ಮತ್ತು ಗಿಡಕ್ಕೆ ತಾಗದ ಮಟ್ಟವನ್ನು ಮಕ್ಕಳೇ ಅಳತೆಯಿಂದ ಹುಡುಕುವುದು. ಎರಡು, ಕಂಡದ್ದನ್ನೂ ತೀರ್ಮಾನಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯುವುದು.

ಸಾಮಗ್ರಿ: ಹೊಸದಾಗಿ ತಂದ ಹೈಡ್ರಿಲ್ಲಾ, ಅಡುಗೆ ಉಪ್ಪು, ತಕ್ಕಡಿ, ಅಳತೆ ಜಾಡಿ, ಗಡಿಯಾರ, ಭೂತಗನ್ನಡಿ, ಸೂಕ್ಷ್ಮದರ್ಶಕ, ಆಲಿಕೆ, ಪ್ರನಾಳ, ಐದು ಅಗಲ ಬಾಯಿಯ ಬಾಟಲಿಗಳು.

ಎಚ್ಚರಿಕೆ: ನೀರಿನ ಬಸವನಹುಳುಗಳಲ್ಲಿ ಪರಾವಲಂಬಿ ಜೀವಿಗಳ ಮರಿಗಳು ಇರಬಹುದು. ಕೆರೆಯಿಂದ ಗಿಡ ತಂದರಂತೂ ಇನ್ನೂ ಎಚ್ಚರ ಬೇಕು. ಮಕ್ಕಳು ಕೈಗವಸು ಹಾಕಿ ಚಿಮುಟದಿಂದ ಹಿಡಿಯಬೇಕು, ಕೊನೆಗೆ ಸೋಪಿನಿಂದ ಕೈ ತೊಳೆಯಬೇಕು.

ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಎಂದು ನಿಗದಿ ಮಾಡಿದೆವು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ; ಅದಕ್ಕಿಂತ ಸ್ವಲ್ಪ ಕಡಿಮೆ. ದ್ರಾವಣ ಎಲ್ಲರಿಗೂ ಒಂದೇ, ಸಮಯ ಮಾತ್ರ ಬೇರೆ.

1ನೇ ಗುಂಪು: ಸಾದಾ ನೀರು, ಒಂದು ನಿಮಿಷ.
2ನೇ ಗುಂಪು: ಉಪ್ಪುನೀರು, 15 ಸೆಕೆಂಡು.
3ನೇ ಗುಂಪು: ಉಪ್ಪುನೀರು, ಒಂದು ನಿಮಿಷ.
4ನೇ ಗುಂಪು: ಉಪ್ಪುನೀರು, ಹತ್ತು ನಿಮಿಷ.
5ನೇ ಗುಂಪು: ಮೊದಲು ಭೂತಗನ್ನಡಿಯಿಂದ ನೋಡಿ ಹುಳು ಮತ್ತು ಲೋಳೆಗಳನ್ನು ಕೈಯಿಂದ ತೆಗೆದು, ಲೋಳೆ ಹೆಚ್ಚಿದ್ದ ಎಲೆಗಳನ್ನು ಕತ್ತರಿಸಿ, ನಂತರ ಉಪ್ಪುನೀರಿನಲ್ಲಿ ಒಂದು ನಿಮಿಷ.

ಅದ್ದಿದ ಮೇಲೆ ಎಲ್ಲ ಗಿಡಗಳನ್ನೂ ಸಾದಾ ನೀರಿನಲ್ಲಿ ಜಾಲಿಸಿ ಬೇರೆ ಬೇರೆ ಬಾಟಲಿಗಳಲ್ಲಿ ಇಟ್ಟೆವು. ತೊಟ್ಟಿಗೆ ಯಾವುದನ್ನೂ ಹಾಕಲಿಲ್ಲ. 4ನೇ ಗುಂಪಿಗೆ ಒಂದೇ ಕಡ್ಡಿ ಕೊಟ್ಟಿದ್ದೆ. ಕೆಡಬಹುದಾದ ಪ್ರಯೋಗವನ್ನು ಒಂದು ಕಡ್ಡಿಯ ಮೇಲೆ ಮಾಡಿ ನೋಡಬೇಕೇ ಹೊರತು ಇಡೀ ಕಟ್ಟಿನ ಮೇಲಲ್ಲ ಎಂಬುದೂ ಪಾಠದ ಭಾಗವೇ.

ಗಿಡಕ್ಕೆ ನೋವಾಯಿತೇ ಎಂದು ತಿಳಿಯುವುದು ಹೇಗೆ?

ಇದನ್ನು ಮಕ್ಕಳನ್ನೇ ಕೇಳಿದೆ. “ಬಾಡಿದ್ರೆ ಗೊತ್ತಾಗುತ್ತೆ” ಎಂದರು. ಬಾಡುವ ಮುಂಚೆ ತಿಳಿಯಬೇಕಾದರೆ? ಸ್ವಲ್ಪ ಯೋಚಿಸಿದ ಮೇಲೆ ಒಬ್ಬಳು “ಗುಳ್ಳೆ ಎಣಿಸಬಹುದು ಮಿಸ್” ಎಂದಳು. ಆಲಿಕೆಯ ಕೆಳಗೆ ಹೈಡ್ರಿಲ್ಲಾ ಇಟ್ಟು ಬಿಸಿಲಿನಲ್ಲಿ ಆಮ್ಲಜನಕದ ಗುಳ್ಳೆಗಳನ್ನು ನೋಡುವ ಪ್ರಯೋಗ ಅವರಿಗೆ ಗೊತ್ತಿತ್ತು. ದ್ಯುತಿಸಂಶ್ಲೇಷಣೆಯನ್ನು ತೋರಿಸಲು ಬಳಸುವ ಪ್ರಯೋಗವನ್ನೇ ಗಿಡದ ಆರೋಗ್ಯದ ಅಳತೆಯಾಗಿಯೂ ಬಳಸಬಹುದು ಎಂಬುದು ನನ್ನ ಯೋಜನೆಯಲ್ಲಿರಲಿಲ್ಲ. ಅದು ಮಕ್ಕಳಿಂದ ಬಂತು. ಪ್ರತಿ ಗುಂಪೂ ಒಂದೇ ಉದ್ದದ ಕಡ್ಡಿಯನ್ನು ಒಂದೇ ಕಿಟಕಿಯ ಬಿಸಿಲಿನಲ್ಲಿಟ್ಟು ಎಣಿಸಿತು.

ಎರಡನೆಯ ಅಳತೆ ಸೂಕ್ಷ್ಮದರ್ಶಕ. ಹೈಡ್ರಿಲ್ಲಾ ಎಲೆ ಎರಡೇ ಪದರ ಕೋಶಗಳಷ್ಟು ತೆಳು. ಸೀಳಬೇಕಾಗಿಲ್ಲ, ಬಣ್ಣ ಹಾಕಬೇಕಾಗಿಲ್ಲ. 1ನೇ ಗುಂಪಿನ ಎಲೆಯಲ್ಲಿ ಹಸಿರು ಕಣಗಳು ಕೋಶಭಿತ್ತಿಯ ಅಂಚಿನುದ್ದಕ್ಕೂ ಹರಡಿದ್ದವು. 4ನೇ ಗುಂಪಿನ ಎಲೆಯಲ್ಲಿ ಕೋಶದ ಒಳಭಾಗ ಭಿತ್ತಿಯನ್ನು ಬಿಟ್ಟು ನಡುವೆ ಉಂಡೆಯಾಗಿ ಮುದುಡಿತ್ತು. ಪಠ್ಯಪುಸ್ತಕದಲ್ಲಿ ಪ್ಲಾಸ್ಮೊಲೈಸಿಸ್ ಎಂದು ಓದಿದ್ದು ಕಣ್ಣೆದುರಿಗಿತ್ತು. ಬಸವನಹುಳುವಿನಿಂದ ನೀರು ತೆಗೆದ ಉಪ್ಪೇ ಎಲೆಯಿಂದಲೂ ನೀರು ತೆಗೆದಿತ್ತು. ಮದ್ದಿಗೆ ಪೀಡೆ ಯಾವುದು, ಗಿಡ ಯಾವುದು ಎಂದು ಗೊತ್ತಿಲ್ಲ. ಎಷ್ಟು, ಎಷ್ಟು ಹೊತ್ತು ಎಂಬುದನ್ನು ನಾವು ಹಿಡಿತದಲ್ಲಿಟ್ಟರೆ ಮಾತ್ರ ಅದು ಮದ್ದು.

ಮೊದಲ ಪಾಠದಲ್ಲಿ ಬುಟ್ಟಿಗೆ ಹಾಕಿದ ಗಿಡ ಹೇಳುತ್ತಿದ್ದದ್ದು ಇದನ್ನೇ.

ಕಂಡದ್ದು

2 ಮತ್ತು 3ನೇ ಗುಂಪುಗಳ ಗಿಡಗಳು ಸಾದಾ ನೀರಿನ ಗಿಡದಂತೆಯೇ ಗುಳ್ಳೆ ಬಿಟ್ಟವು. 4ನೇ ಗುಂಪಿನದು ಬಹಳ ಕಡಿಮೆ. ಮೂರನೆಯ ದಿನಕ್ಕೆ ಎಲೆ ಕಂದಾಯಿತು. 15 ಸೆಕೆಂಡಿನಲ್ಲಿ ಕೆಲವು ಹುಳುಗಳು ಎಲೆ ಬಿಡಲಿಲ್ಲ. ಒಂದು ನಿಮಿಷದಲ್ಲಿ ಹೆಚ್ಚುಕಡಿಮೆ ಎಲ್ಲವೂ ಉದುರಿದವು.

ಉದುರಿದ ಹುಳುಗಳನ್ನು ಈ ಸಲ ಚೆಲ್ಲದೆ ಸಾದಾ ನೀರಿಗೆ ಹಾಕಿ ನೋಡಿದೆವು. ಅವಧಿ ಮುಗಿಯುವಷ್ಟರಲ್ಲಿ ಅವುಗಳಲ್ಲಿ ಕೆಲವು ತಲೆ ಹೊರಹಾಕಿ ಹರಿದಾಡತೊಡಗಿದವು. ಆಗ ಹಲಗೆಯ ಮೇಲೆ ಮೂರು ಪದಗಳನ್ನು ಬರೆದೆ: ಉದುರಿತು, ಸತ್ತಿತು, ಮುಗಿಯಿತು. ಮೊದಲ ಪಾಠದಲ್ಲಿ ನಾವು ಕಂಡದ್ದು ಯಾವುದು, ಬರೆದದ್ದು ಯಾವುದು ಎಂದು ಕೇಳಿದೆ. “ಕಂಡದ್ದು ಉದುರಿತು, ಬರೆದದ್ದು ಮುಗಿಯಿತು” ಎಂದು ಇಡೀ ತರಗತಿ ಹೇಳಿತು. ನೋಟ್ ಪುಸ್ತಕದ ಹಳೆಯ ಸಾಲನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ದಿನಾಂಕದೊಂದಿಗೆ ಬರೆಯಿರಿ ಎಂದೆ. ನನ್ನ ಪಾಠಯೋಜನೆಯಲ್ಲಿಯೂ ಹಾಗೆಯೇ ಮಾಡಿದೆ.

ಮೂರು ವಾರಗಳ ವರೆಗೆ ಮೂರು ದಿನಕ್ಕೊಮ್ಮೆ ಗುಂಪಿನ ಒಬ್ಬರು ಭೂತಗನ್ನಡಿಯಿಂದ ಬಾಟಲಿ ನೋಡಿ ಬರೆದಿಟ್ಟರು. 1, 2 ಮತ್ತು 3ನೇ ಬಾಟಲಿಗಳಲ್ಲಿ ಎರಡನೆಯ ವಾರ ಮರಿಗಳು ಕಂಡವು. 5ನೇ ಬಾಟಲಿಯಲ್ಲಿ ಕಾಣಲಿಲ್ಲ. ಉಪ್ಪುನೀರಿಗಿಂತ ಹೆಚ್ಚು ಕೆಲಸ ಮಾಡಿದ್ದು ಕಣ್ಣು ಮತ್ತು ಚಿಮುಟ. ಮರಿ ಕಂಡ 3ನೇ ಬಾಟಲಿಯ ಗಿಡವನ್ನು ಆ ಮರಿಗಳು ದೊಡ್ಡವಾಗಿ ಮತ್ತೆ ಮೊಟ್ಟೆಯಿಡುವ ಮೊದಲೇ ಇನ್ನೊಮ್ಮೆ ಒಂದು ನಿಮಿಷ ಅದ್ದಿ ಬೇರೆ ನೀರಿಗೆ ಹಾಕಿದೆವು. ಮೂರನೆಯ ವಾರದ ಕೊನೆಗೆ 5ನೇ ಬಾಟಲಿಯ ಗಿಡ ಮಾತ್ರ ತೊಟ್ಟಿಗೆ ಹೋಯಿತು. ತೊಟ್ಟಿಯಲ್ಲಿ ಆಗಲೇ ಇದ್ದ ಮರಿಗಳನ್ನು ಮಕ್ಕಳು ಸರದಿಯ ಮೇಲೆ ಆರಿಸಿ ತೆಗೆಯುತ್ತಿದ್ದರು. ಅದು ನನ್ನ ಅವಸರಕ್ಕೆ ಅವರು ತೆತ್ತ ದಂಡ.

ವಿಸ್ತರಣೆ: ಹವಳದ ಮೇಲಿನ ಹುಳು

ಕಲಿತದ್ದು ಹೊಸ ಸಂದರ್ಭಕ್ಕೆ ಅನ್ವಯವಾಗುತ್ತದೆಯೇ ಎಂದು ನೋಡಲು ವಿಸ್ತರಣೆಯ ಹಂತದಲ್ಲಿ ಹವಳವನ್ನು ತೆಗೆದುಕೊಂಡೆ. ಅಮೆರಿಕ, ಜರ್ಮನಿಯಂಥ ದೇಶಗಳಲ್ಲಿ ಮನೆಯ ಉಪ್ಪುನೀರಿನ ತೊಟ್ಟಿಗಳಲ್ಲಿ ಜೀವಂತ ಹವಳ ಬೆಳೆಸುವವರು ಬಹಳ ಮಂದಿ ಇದ್ದಾರೆ. ಹೊಸ ಹವಳದೊಂದಿಗೆ ಅವರ ತೊಟ್ಟಿಗೂ ಪೀಡೆಗಳು ಬರುತ್ತವೆ. ಅಕ್ರೊಪೋರಾ ಎಂಬ ಕವಲು ಹವಳವನ್ನು ತಿನ್ನುವ ಒಂದು ಚಪ್ಪಟೆ ಹುಳುವಿದೆ. ಹವಳದ ಬಣ್ಣವೇ ಅದಕ್ಕೂ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಅದು ತಿಂದ ಗುಂಡನೆಯ ಗುರುತುಗಳು ಮಾತ್ರ ಕಾಣುತ್ತವೆ. ಹವಳದ ಬುಡದಲ್ಲಿ ಜೀವಂತ ಅಂಗಾಂಶವಿಲ್ಲದ ಬರಿಯ ಸುಣ್ಣದ ಭಾಗದ ಮೇಲೆ ಅದು ಮೊಟ್ಟೆಯಿಡುತ್ತದೆ.

ಇಷ್ಟು ಹೇಳಿ, ನೀವಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಮಕ್ಕಳ ಉತ್ತರಗಳು ಹವಳ ಸಾಕುವವರ ನಿಜವಾದ ಕ್ರಮಕ್ಕೆ ಬಹಳ ಹತ್ತಿರ ಬಂದವು. ಅವರು ಹವಳವನ್ನು ನೇರವಾಗಿ ತೊಟ್ಟಿಗೆ ಹಾಕುವುದಿಲ್ಲ. ತೊಟ್ಟಿಯದೇ ನೀರನ್ನು, ಅದೇ ಉಷ್ಣತೆಯಲ್ಲಿ, ಬೇರೆ ಪಾತ್ರೆಯಲ್ಲಿ ತೆಗೆದುಕೊಂಡು ಅಯೋಡಿನ್ ಅಥವಾ ಅದಕ್ಕೆಂದೇ ಮಾರುವ ದ್ರಾವಣವನ್ನು ಹೇಳಿದ ಅಳತೆಯಲ್ಲಿ ಬೆರೆಸುತ್ತಾರೆ. ಹವಳವನ್ನು ಕೆಲವು ನಿಮಿಷ ಅದರಲ್ಲಿಟ್ಟು ಪಿಪೆಟ್‌ನಿಂದ ನೀರು ಚಿಮ್ಮಿಸಿ ಹುಳುಗಳನ್ನು ಉದುರಿಸುತ್ತಾರೆ. ಶುದ್ಧ ಉಪ್ಪುನೀರಿನಲ್ಲಿ ಜಾಲಿಸುತ್ತಾರೆ. ಅದ್ದಿದ ನೀರನ್ನು ತೊಟ್ಟಿಗೆ ಮರಳಿ ಸುರಿಯುವುದಿಲ್ಲ, ಏಕೆಂದರೆ ಉದುರಿದ್ದು ಸತ್ತದ್ದಲ್ಲ. ಈ ದ್ರಾವಣಗಳು ಸಾಮಾನ್ಯವಾಗಿ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದ್ದರಿಂದ ಮೊಟ್ಟೆಗಳನ್ನು ಕೆರೆದು ತೆಗೆಯುತ್ತಾರೆ, ಹಳೆಯ ಬುಡವನ್ನು ಮುರಿದು ಬಿಸಾಡುತ್ತಾರೆ, ಹವಳವನ್ನು ವಾರಗಟ್ಟಲೆ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಮತ್ತೆ ಮತ್ತೆ ಅದ್ದಿ ಪರೀಕ್ಷಿಸುತ್ತಾರೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಪೀಡೆ ಪ್ರಾಣಿ, ಆಶ್ರಯ ಕೊಟ್ಟದ್ದು ಸಸ್ಯ. ಹವಳವೇ ಒಂದು ಪ್ರಾಣಿ, ಸೀಲೆಂಟರೇಟಾ ವಂಶಕ್ಕೆ ಸೇರಿದ್ದು. ಪ್ರಾಣಿಯ ಮೇಲಿರುವ ಪ್ರಾಣಿಯನ್ನು ತೆಗೆಯಬೇಕು. ಮದ್ದಿನ ಅಳತೆಯಲ್ಲಿ ತಪ್ಪಲು ಇರುವ ಅವಕಾಶ ಇನ್ನೂ ಕಡಿಮೆ. ಇಲ್ಲಿ ಗುಳ್ಳೆ ಎಣಿಸಲಾಗದು. ಹವಳದ ಪಾಲಿಪ್‌ಗಳು ಮುದುಡಿಯೇ ಉಳಿದರೆ, ಲೋಳೆ ಹೆಚ್ಚು ಬಂದರೆ, ಬಣ್ಣ ಬಿಳಿಚಿದರೆ ಅದಕ್ಕೆ ತೊಂದರೆಯಾಗಿದೆ ಎಂದು ಅರ್ಥ. ಬಣ್ಣ ಹೋಗುವುದೆಂದರೆ ಅದರ ಅಂಗಾಂಶದೊಳಗಿದ್ದು ಆಹಾರ ಒದಗಿಸುವ ಸೂಕ್ಷ್ಮ ಶೈವಲಗಳು ಕಡಿಮೆಯಾಗುವುದು.

“ಸಮುದ್ರದ ಹುಳುವಿಗೆ ಉಪ್ಪುನೀರು ಏನೂ ಮಾಡಲ್ವಲ್ಲ ಮಿಸ್, ಸಿಹಿನೀರಿನಲ್ಲಿ ಅದ್ದಿದ್ರೆ?” ಎಂದು ಒಬ್ಬ ಕೇಳಿದ. ಮೊದಲ ಪಾಠದಲ್ಲಿ ಎಷ್ಟು ಹೊತ್ತು ಎಂದು ಕೇಳಿದ ಹುಡುಗನೇ ಅವನು. ಅಭಿಸರಣೆಯನ್ನು ತಿರುಗಿಸಿ ಯೋಚಿಸಿದ್ದ: ಈಗ ನೀರು ಹೊರಗಿನಿಂದ ಒಳಕ್ಕೆ ನುಗ್ಗುತ್ತದೆ. ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದುವ ಕ್ರಮ ನಿಜಕ್ಕೂ ಇದೆ. ಆದರೆ ಅಕ್ರೊಪೋರಾದಂಥ ನಾಜೂಕಿನ ಹವಳಕ್ಕೆ ಅದೇ ಮಾರಕವಾಗಬಹುದು. ನಾನು ಇದನ್ನು ಹೇಳುವ ಮುಂಚೆಯೇ ಅವನು, “ಆದ್ರೆ ಹವಳಕ್ಕೂ ನೀರು ನುಗ್ಗುತ್ತೆ. ಒಂದು ತುಂಡಿನ ಮೇಲೆ ಮೊದಲು ನೋಡಬೇಕು” ಎಂದ. ನಾನು ಆ ದಿನ ಕೊಟ್ಟಿದ್ದ ಉತ್ತರವನ್ನು ಅವನು ತಾನೇ ತಿದ್ದಿದ್ದ.

ಹವಳ ಉದಾಹರಣೆಯಷ್ಟೇ, ಅದನ್ನು ತಂದು ತೋರಿಸುವಂತಿಲ್ಲ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವುಗಳನ್ನು ಸಮುದ್ರದಿಂದ ತೆಗೆಯುವುದೂ ಮಾರುವುದೂ ಅಪರಾಧ. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ ಎಂದಾಗ ಮಕ್ಕಳಿಗೆ ಆಶ್ಚರ್ಯವಾಯಿತು. ಅವು ಅಲ್ಲೇ ಇರಬೇಕು ಎಂಬುದನ್ನು ಹೇಳಿಯೇ ಪಾಠ ಮುಗಿಸಿದೆ.

ಮೌಲ್ಯಮಾಪನ

ಕೊನೆಯ ತರಗತಿಯಲ್ಲಿ ಈ ಪ್ರಶ್ನೆಗಳನ್ನು ಕೊಟ್ಟೆ.

1. “ಮದ್ದಿನಲ್ಲಿ ಅದ್ದಿದೆ, ಹುಳು ಉದುರಿತು, ಕೆಲಸ ಮುಗಿಯಿತು.” ಈ ಹೇಳಿಕೆಯಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು?
2. ಸಾದಾ ನೀರಿನ ಗುಂಪು ಇರದಿದ್ದರೆ ನಮ್ಮ ತೀರ್ಮಾನದಲ್ಲಿ ಏನು ಕೊರತೆಯಾಗುತ್ತಿತ್ತು?
3. ಮೊಟ್ಟೆ ಹತ್ತು ದಿನದಲ್ಲಿ ಒಡೆಯುತ್ತದೆ ಎಂದುಕೊಳ್ಳಿ. ಗಿಡವನ್ನು ಎಂಟನೆಯ ದಿನ ತೊಟ್ಟಿಗೆ ಹಾಕಬಹುದೇ? ಕಾರಣ ಕೊಡಿ.
4. ಹೈಡ್ರಿಲ್ಲಾಗಿಂತ ಹವಳಕ್ಕೆ ಮದ್ದು ಕೊಡುವುದು ಏಕೆ ಕಷ್ಟ?

ಮೊದಲನೆಯ ಪ್ರಶ್ನೆಗೆ ಹೆಚ್ಚಿನವರು ಸರಿಯಾಗಿ ಬರೆದರು. ಎರಡನೆಯದಕ್ಕೆ ಹಲವರು ತಡವರಿಸಿದರು. ಹೋಲಿಕೆಯ ಗುಂಪಿನ ಕಲ್ಪನೆಗೆ ಇನ್ನೊಂದು ಚಟುವಟಿಕೆ ಬೇಕು ಎಂದು ಗುರುತು ಮಾಡಿಕೊಂಡೆ. ಒಬ್ಬಳು ಪ್ರಶ್ನೆಪತ್ರಿಕೆಯ ಕೆಳಗೆ ತನ್ನದೇ ಪ್ರಶ್ನೆ ಬರೆದಿದ್ದಳು: “ಬಸವನಹುಳು ಪಾಚಿ, ಕೊಳೆತ ಎಲೆ ತಿನ್ನುತ್ತದೆ. ಹಾಗಿದ್ದರೆ ಅದು ಪೀಡೆ ಹೇಗೆ?” ಒಳ್ಳೆಯ ಪ್ರಶ್ನೆ. ಕೆಲವಿದ್ದರೆ ತೊಟ್ಟಿಗೆ ಉಪಕಾರ, ಎಣಿಸಲಾರದಷ್ಟಾದರೆ ಉಪದ್ರವ. ತೆಗೆದ ಹುಳುಗಳನ್ನು ಕೊಲ್ಲದೆ ಒಂದು ಬಾಟಲಿಯಲ್ಲಿ ಸಾಕಿದೆವು. ಅಂಗಡಿಯಿಂದ ಬಂದ ಜೀವಿಯನ್ನು ಕೆರೆಗೆ ಬಿಡಬಾರದು ಎಂದು ಬಾಟಲಿಯ ಮೇಲೆ ಮಕ್ಕಳೇ ಚೀಟಿ ಅಂಟಿಸಿದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಯಾರಾದರೂ ಕೊಡುವುದಾದರೆ ನನ್ನ ಅನುಭವದಿಂದ ಕೆಲವು ಸೂಚನೆಗಳು. ಉಪ್ಪನ್ನು ತೂಗಿಯೇ ಕೊಡಿ. ಹತ್ತು ನಿಮಿಷದ ಗುಂಪನ್ನು ಬಿಡಬೇಡಿ. ಕೆಟ್ಟ ಗಿಡ ಇರದಿದ್ದರೆ ಎಲ್ಲೆ ಎಲ್ಲಿದೆ ಎಂದು ಮಕ್ಕಳಿಗೆ ತಿಳಿಯುವುದಿಲ್ಲ. ಪಾಠಯೋಜನೆಯ ಅವಧಿ ಎಂಬ ಕಲಮಿನಲ್ಲಿ 40 ನಿಮಿಷ ಎಂದಷ್ಟೇ ಬರೆಯದೆ ಮುಂದಿನ ವಾರಗಳ ವೀಕ್ಷಣೆಯನ್ನೂ ಬರೆಯಿರಿ. ನಿಮ್ಮ ಅಭ್ಯಾಸ ಬೋಧನೆ ಅಷ್ಟರಲ್ಲಿ ಮುಗಿಯುವುದಾದರೆ ಶಾಲೆಯ ಶಿಕ್ಷಕರಿಗೆ ಬಾಟಲಿಗಳನ್ನೂ ದಾಖಲೆ ಪುಸ್ತಕವನ್ನೂ ಒಪ್ಪಿಸಿ ಬನ್ನಿ.

ನಮಗೆ ಗಂಟೆ ಬಾರಿಸುವ ಮೊದಲು ತೀರ್ಮಾನ ಬರೆಸುವ ಅಭ್ಯಾಸ. ಮೊಟ್ಟೆಗೆ ನಮ್ಮ ವೇಳಾಪಟ್ಟಿ ಗೊತ್ತಿಲ್ಲ. “ಇವತ್ತು ಇಷ್ಟು ಕಂಡಿತು, ಉಳಿದದ್ದು ಎರಡು ವಾರದ ಮೇಲೆ ತಿಳಿಯುತ್ತದೆ” ಎಂಬುದೂ ಕಪ್ಪುಹಲಗೆಯ ಮೇಲೆ ಬರೆಯಬಹುದಾದ ಸಾರಾಂಶವೇ. ಮೊದಲ ದಿನವೇ ಹಾಗೆ ಬರೆಸಿದ್ದರೆ ಆ ವಿದ್ಯಾರ್ಥಿನಿಗೆ ನೋಟ್ ಪುಸ್ತಕ ಹಿಡಿದು ಬರುವ ಪ್ರಸಂಗ ಇರುತ್ತಿರಲಿಲ್ಲ. ಆದರೂ ಅವಳು ಬಂದದ್ದು ಒಳ್ಳೆಯದಾಯಿತು. ವೀಕ್ಷಣಾ ಪುಸ್ತಕದ ಪ್ರಶ್ನೆಯ ಕೆಳಗೆ ನಾನು ಬರೆದ ಉತ್ತರ ಎರಡೇ ಸಾಲಿನದು: “ಮದ್ದು ಹೆಚ್ಚಾದರೆ ಗಿಡ ಹೋಗುತ್ತದೆ ಎಂದು ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.” ಮೇಡಂ ಅದಕ್ಕೆ ಸಹಿ ಹಾಕಿ ದಿನಾಂಕ ಬರೆದರು.